ಮರಿ ಬಂದಿದೆ, ಕಣಗಿಲೆ ಕೀಳಬೇಕಾ?

ಪ್ರಶ್ನೆ: ಕಲಬುರಗಿಯ ಹೊರಗೆ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಕಾಂಪೌಂಡ್ ಒಳಗೆ ಸ್ವಲ್ಪ ಜಾಗ ಇದೆ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ತೂಕ ಸುಮಾರು 15 ಕೆ.ಜಿ. ಕಂಡದ್ದೆಲ್ಲ ಕಚ್ಚುತ್ತದೆ. ಕಳೆದ ವಾರ ಮನಿ ಪ್ಲಾಂಟ್ ಎಲೆ ಅಗಿದು ತುಂಬಾ ಹೊತ್ತು ಜೊಲ್ಲು ಸುರಿಸಿತು, ಆಮೇಲೆ ಸರಿಹೋಯಿತು. ಹೆದರಿ ಇಂಟರ್ನೆಟ್‌ನಲ್ಲಿ ನೋಡಿದರೆ ನೂರಾರು ಗಿಡಗಳ ಪಟ್ಟಿ. ನಮ್ಮಲ್ಲಿ ಗೇಟಿನ ಪಕ್ಕ ಕಣಗಿಲೆ ಇದೆ. ಅತ್ತೆಗೆ ಪೂಜೆಗೆ ಅದೇ ಹೂ ಬೇಕು. ನರ್ಸರಿಯಿಂದ ತಂದ ಸೈಕಸ್, ಅಡೇನಿಯಂ, ಕ್ರೋಟನ್, ಗುಲಾಬಿ, ದಾಸವಾಳ, ತುಳಸಿ, ಲೋಳೆಸರ ಇವೆ. ಹಿಂದಿನ ಖಾಲಿ ಸೈಟಿನಲ್ಲಿ ಔಡಲ ತಾನಾಗಿ ಬೆಳೆದಿದೆ. ಎಲ್ಲ ಕಿತ್ತು ಹಾಕಲಾ? ಬೀದಿನಾಯಿಗಳು ಇವೇ ಗಿಡಗಳ ನಡುವೆ ಓಡಾಡುತ್ತವೆ, ಅವಕ್ಕೇನೂ ಆಗಲ್ಲ ಅಂತಾರೆ ನಮ್ಮ ಮಾವ. ನಿಜವಾ?

ಉತ್ತರ: ಎಲ್ಲ ಕೀಳಬೇಡಿ. ನೀವು ಹೇಳಿದ ಗಿಡಗಳಲ್ಲಿ ಜೀವ ತೆಗೆಯುವಂಥವು ನಾಲ್ಕೇ: ಕಣಗಿಲೆ, ಅಡೇನಿಯಂ, ಸೈಕಸ್, ಔಡಲ. ಉಳಿದವುಗಳ ಬಗ್ಗೆ ಸ್ವಲ್ಪ ಎಚ್ಚರ ಇದ್ದರೆ ಸಾಕು. ಆದರೆ ಗಿಡಕ್ಕಿಂತ ಗಿಡದ ಬುಡಕ್ಕೆ ಏನು ಹಾಕುತ್ತೀರಿ ಅನ್ನುವುದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಅದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ.

ಮೊದಲು ಮನಿ ಪ್ಲಾಂಟ್. ಒಂದು ವಾರ ಆಗಿದೆ, ಮರಿ ಊಟ ಮಾಡುತ್ತಿದೆ, ಆಡುತ್ತಿದೆ ಎಂದರೆ ಆ ವಿಷಯ ಮುಗಿಯಿತು. ಮನಿ ಪ್ಲಾಂಟ್, ಡೈಫನ್‌ಬೇಕಿಯಾ, ಫಿಲೊಡೆಂಡ್ರಾನ್, ಸಿಂಗೋನಿಯಂ, ಕೆಸುವಿನ ಜಾತಿಯ ಬಣ್ಣದೆಲೆ ಗಿಡಗಳು, ಇವೆಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಗಿದ ಕೂಡಲೇ ನಾಲಿಗೆ, ಒಸಡು, ಗಂಟಲಿಗೆ ಚುಚ್ಚುತ್ತವೆ. ಸರಿಯಾಗಿ ಬೇಯದ ಸುವರ್ಣಗಡ್ಡೆ ತಿಂದರೆ ನಮಗೆ ಗಂಟಲು ಕೆರೆಯುತ್ತದಲ್ಲ, ಅದಕ್ಕೂ ಇವೇ ಹರಳು ಕಾರಣ. ನಾಯಿ ಜೊಲ್ಲು ಸುರಿಸುತ್ತದೆ, ಮುಂಗಾಲಿನಿಂದ ಮೂತಿ ಉಜ್ಜುತ್ತದೆ, ಒಂದೆರಡು ಸಲ ವಾಂತಿ ಮಾಡುತ್ತದೆ. ನೋವಾಗುವುದರಿಂದ ಜಾಸ್ತಿ ತಿನ್ನುವುದೇ ಇಲ್ಲ. ಬಾಯಿ ತೊಳೆದು ಸ್ವಲ್ಪ ತಣ್ಣನೆಯ ಮೊಸರು ಅಥವಾ ಹಾಲು ಕೊಟ್ಟರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ವಾಂತಿ ಮಾತ್ರ ಮಾಡಿಸಬೇಡಿ, ಹರಳು ಮತ್ತೊಮ್ಮೆ ಗಂಟಲು ಸವರಿಕೊಂಡು ಬರುತ್ತದೆ. ನಾಲಿಗೆ ಊದಿ ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಓಡಬೇಕು. ಡೈಫನ್‌ಬೇಕಿಯಾದಲ್ಲಿ ಹೀಗಾಗುವುದು ಅಪರೂಪಕ್ಕೆ ಉಂಟು. ಮನಿ ಪ್ಲಾಂಟ್ ಕುಂಡವನ್ನು ಮೇಲೆ ತೂಗುಹಾಕಿ, ಬಳ್ಳಿ ಕೆಳಗೆ ಜೋತಾಡದಂತೆ ನೋಡಿಕೊಳ್ಳಿ. ಅಷ್ಟೇ.

ಇಂಟರ್ನೆಟ್ ಪಟ್ಟಿಗಳ ಬಗ್ಗೆ ಒಂದು ಮಾತು. ಅವು ಬಹುಪಾಲು ಚಳಿ ದೇಶಗಳ ತೋಟ ನೋಡಿ ಬರೆದವು. ಅಲ್ಲಿ ಬರುವ ಎಷ್ಟೋ ಗಿಡಗಳು ನಮ್ಮ 42, 43 ಡಿಗ್ರಿ ಬಿಸಿಲಲ್ಲಿ ಒಂದು ಬೇಸಿಗೆಯೂ ಬದುಕಲ್ಲ. ಜೊತೆಗೆ ಬರೀ ಹೊಟ್ಟೆ ಕೆಡಿಸುವ ಗಿಡವೂ ಹೃದಯ ನಿಲ್ಲಿಸುವ ಗಿಡವೂ ಒಂದೇ ಸಾಲಿನಲ್ಲಿ ಇರುತ್ತವೆ. ಓದಿದವರು ಒಂದೋ ಎಲ್ಲದಕ್ಕೂ ಹೆದರುತ್ತಾರೆ, ಇಲ್ಲವೇ ಯಾವುದನ್ನೂ ನಂಬುವುದಿಲ್ಲ.

ಈಗ ಕಣಗಿಲೆ. ನಿಮ್ಮ ಅಂಗಳದಲ್ಲಿ ನನಗೆ ಅತಿ ಜಾಸ್ತಿ ಭಯ ಇರುವುದು ಇದರದ್ದೇ. ಬಿಳಿ, ಕೆಂಪು, ಗುಲಾಬಿ ಬಣ್ಣದ ಹೂ, ಯಾವುದಾದರೂ ಒಂದೇ. ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆಯೂ ಅಷ್ಟೇ ಅಪಾಯ, ಅದರ ಬೀಜವಂತೂ ಇನ್ನೂ ಕೆಟ್ಟದ್ದು. ನೀರು ಕಡಿಮೆ ಇದ್ದರೂ ಬದುಕುತ್ತದೆ, ದನ ಮೇಯಲ್ಲ, ವರ್ಷವಿಡೀ ಹೂ ಬಿಡುತ್ತದೆ. ಹೆದ್ದಾರಿಯ ನಡುವೆ, ಕಾಂಪೌಂಡ್ ಉದ್ದಕ್ಕೂ ಇದನ್ನೇ ನೆಡುವುದು ಅದಕ್ಕೇ. ಎಲೆ, ಹೂ, ಕಾಂಡ, ಬೇರು ಎಲ್ಲದರಲ್ಲೂ ಒಲಿಯಾಂಡ್ರಿನ್‌ನಂಥ ವಿಷಗಳಿವೆ. ಹೃದಯದ ಜೀವಕೋಶಗಳು ಸೋಡಿಯಂ, ಪೊಟ್ಯಾಸಿಯಂಗಳನ್ನು ಒಳಗೆ ಹೊರಗೆ ಮಾಡುವ ಕೆಲಸವನ್ನೇ ಇವು ತಡೆಯುತ್ತವೆ. ಮೊದಲು ವಾಂತಿ, ಭೇದಿ, ಸುಸ್ತು. ಆಮೇಲೆ ಹೃದಯದ ಬಡಿತ ನಿಧಾನವಾಗುತ್ತದೆ ಅಥವಾ ತಾಳ ತಪ್ಪುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಕೆಲವೇ ಎಲೆ ಸಾಕು ಮರಿಗೆ.

ಹಸಿ ಎಲೆ ಕಹಿ. ಹಾಗಾಗಿ ನಾಯಿಗಳು ಗಿಡದಿಂದ ಕಿತ್ತು ತಿನ್ನುವುದು ಕಡಿಮೆ. ಅಪಾಯ ಬರುವುದು ಬೇರೆ ದಾರಿಯಿಂದ. ಗಿಡ ಕತ್ತರಿಸಿ ಕೊಂಬೆಗಳನ್ನು ಮೂಲೆಗೆ ಹಾಕಿರುತ್ತೀರಿ. ಒಣಗಿದ ಮೇಲೆ ಕಹಿ ಅಷ್ಟು ಗೊತ್ತಾಗುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ಹಲ್ಲು ಬದಲಾಗುತ್ತಿರುವ ನಾಲ್ಕು ತಿಂಗಳ ಮರಿಗೆ ಒಣಕೊಂಬೆ ಸಿಕ್ಕರೆ ಬಿಡುತ್ತಾ? ಮಕ್ಕಳು ಕಣಗಿಲೆ ಕೋಲು ಮುರಿದು ಎಸೆದು "ತಗೊಂಡು ಬಾ" ಅಂತ ಆಡಿಸುವುದೂ ಉಂಟು. ಇನ್ನೊಂದು ದಾರಿ ದೇವರ ಮನೆ. ನಿನ್ನೆಯ ಹೂವನ್ನು ಗಿಡದ ಬುಡಕ್ಕೆ ಸುರಿಯುವ ರೂಢಿ ನಮ್ಮಲ್ಲಿದೆ. ಆ ಹೂವಿಗೆ ಕೊಬ್ಬರಿ, ಸಕ್ಕರೆ, ತುಪ್ಪ ಹತ್ತಿರುತ್ತದೆ. ನಾಯಿ ತುಪ್ಪದ ವಾಸನೆಗೆ ಬರುತ್ತದೆ, ಜೊತೆಗೆ ಕಣಗಿಲೆಯೂ ಒಳಗೆ ಹೋಗುತ್ತದೆ. ಹೂ ನೆನೆಸಿಟ್ಟ ಬಟ್ಟಲಿನ ನೀರೂ ಸುರಕ್ಷಿತ ಅಲ್ಲ. ಶಿವರಾತ್ರಿ ಹೊತ್ತಿಗೆ ಮದಗುಣಿಕೆ ಕಾಯಿ, ಎಕ್ಕದ ಹೂವೂ ಇದೇ ರಾಶಿಗೆ ಸೇರುತ್ತವೆ. ಅವೂ ವಿಷವೇ.

ಅತ್ತೆಯವರ ಜೊತೆ ಜಗಳ ಬೇಡ. ಗಿಡ ಹಳೆಯದಾಗಿದ್ದು ಕೀಳಲು ಮನಸ್ಸಿಲ್ಲ ಎಂದರೆ ಸುತ್ತ ಮೊಣಕಾಲೆತ್ತರಕ್ಕಿಂತ ಮೇಲಕ್ಕೆ ಜಾಲರಿ ಕಟ್ಟಿಸಿ. ಕೆಳಗಿನ ಕೊಂಬೆ ಸವರಿ. ಉದುರಿದ ಎಲೆಯನ್ನು ದಿನಾ ಗುಡಿಸಿ. ಪೂಜೆಯ ಹೂವನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ. ಇಷ್ಟು ಪ್ರತಿದಿನ ಮಾಡಲು ಆಗುತ್ತದಾ ಅಂತ ಮನೆಯಲ್ಲಿ ಕೂತು ಮಾತಾಡಿ. ಆಗಲ್ಲ ಎಂದರೆ ಕೀಳಿಸುವುದೇ ಒಳ್ಳೆಯದು. ಮರಿಗೆ ಒಂದೂವರೆ ಎರಡು ವರ್ಷ ಆಗುವವರೆಗೆ ಪೂಜೆಗೆ ದಾಸವಾಳ, ಮಲ್ಲಿಗೆ ಸಾಕಲ್ವಾ? ಕಿತ್ತ ಗಿಡವನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು. ಬೀದಿಯಲ್ಲಿ ಎಸೆದರೆ ಯಾರದ್ದೋ ಮೇಕೆ ಒಣ ಎಲೆ ತಿಂದೀತು. ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.

ಅಡೇನಿಯಂ ಕೂಡ ಕಣಗಿಲೆಯ ಕುಟುಂಬದ್ದೇ, ವಿಷವೂ ಅದೇ ಬಗೆಯದು. ದಪ್ಪ ಬುಡದ ಆ ಚೆಂದದ ಗಿಡ ನಮ್ಮ ಬಿಸಿಲಿಗೆ ಹೇಳಿಮಾಡಿಸಿದ್ದು, ಹಾಗಾಗಿ ಎಲ್ಲರ ಮಾಳಿಗೆಯ ಮೇಲೂ ಕಾಣುತ್ತದೆ. ಕುಂಡದಲ್ಲಿ ಇರುವುದರಿಂದ ಎತ್ತಿ ಮಾಳಿಗೆಗೆ ಒಯ್ದರೆ ಮುಗಿಯಿತು, ಮರಿ ಮಾಳಿಗೆ ಹತ್ತುವಂತಿಲ್ಲ ಅಷ್ಟೇ.

ಸೈಕಸ್ ವಿಷಯ ಬೇರೆ, ಮೋಸದ್ದು. ನರ್ಸರಿಯಲ್ಲಿ ಇದನ್ನು ಪಾಮ್ ಅಂತ ಮಾರುತ್ತಾರೆ. ಪಾಮ್ ಅಲ್ಲ. ಪಕ್ಕದಲ್ಲೇ ಇಟ್ಟಿರುವ ಅರೆಕಾ ಪಾಮ್ ನಾಯಿಗೆ ಏನೂ ಮಾಡಲ್ಲ. ಸೈಕಸ್‌ನ ಎಲೆ ಗಟ್ಟಿ, ತುದಿ ಚುಚ್ಚುತ್ತದೆ, ಕಾಂಡ ಒರಟು. ಇದರಲ್ಲಿ ಸೈಕಾಸಿನ್ ಎಂಬ ವಿಷವಿದೆ. ಗಿಡದ ಎಲ್ಲ ಭಾಗದಲ್ಲೂ ಇದೆ, ಬೀಜದಲ್ಲಿ ಅತಿ ಜಾಸ್ತಿ. ಒಂದೆರಡು ಬೀಜ ಅಗಿದು ಸತ್ತ ನಾಯಿಗಳಿವೆ. ಬೀಜ ಬಿಡುವುದು ಹೆಣ್ಣು ಗಿಡ ಮಾತ್ರ, ಅದೂ ವಯಸ್ಸಾದ ಮೇಲೆ. ನಿಮ್ಮದು ಚಿಕ್ಕದಿರಬಹುದು. ಆದರೂ ಬುಡದಲ್ಲಿ ಏಳುವ ಗಡ್ಡೆಯಂಥ ಮರಿಗಳನ್ನು ನಾಯಿ ಚೆಂಡಿನಂತೆ ಕಿತ್ತುಕೊಂಡು ಅಗಿಯುತ್ತದೆ.

ಮೋಸ ಅಂದದ್ದು ಯಾಕೆಂದರೆ, ತಿಂದ ದಿನ ವಾಂತಿ ಮಾಡುತ್ತದೆ, ಮಂಕಾಗುತ್ತದೆ. ಮರುದಿನ ಸ್ವಲ್ಪ ಗೆಲುವಾಗುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎರಡು ಮೂರು ದಿನಕ್ಕೆ ಕಣ್ಣು, ಒಸಡು ಹಳದಿಯಾಗುತ್ತವೆ, ಮೂಗಿನಿಂದ ರಕ್ತ ಬರಬಹುದು, ಫಿಟ್ಸ್ ಬರಬಹುದು. ಅಷ್ಟರಲ್ಲಿ ಲಿವರ್ ಹೋಗಿರುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕರೂ ಉಳಿಯದ ನಾಯಿಗಳು ಬಹಳ. ಹಾಗಾಗಿ ಸೈಕಸ್ ಅಗಿದದ್ದು ಕಂಡರೆ ನಾಯಿ ಕುಣಿಯುತ್ತಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ ಒಯ್ಯಬೇಕು, ಮುಂದಿನ ಮೂರು ದಿನ ಲಿವರ್‌ನ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ನನ್ನನ್ನು ಕೇಳಿದರೆ, ನಾಯಿ ಇರುವ ಮನೆಯಲ್ಲಿ ಈ ಗಿಡ ಬೇಡವೇ ಬೇಡ. ಕಣಗಿಲೆಗಾದರೂ ಪೂಜೆಯ ಕಾರಣ ಇದೆ. ಇದು ಬರೀ ಶೋಕಿಗೆ. ನಾಯಿ ಇಲ್ಲದ ಮನೆಯವರಿಗೆ ಕೊಟ್ಟುಬಿಡಿ.

ಔಡಲದ ಬೀಜದಲ್ಲಿ ರಿಸಿನ್ ಇದೆ. ಬೀಜವನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಗೆ ಹೋಗಬಹುದು. ಅಗಿದರೆ ಮಾತ್ರ ದೊಡ್ಡ ತೊಂದರೆ. ಗುಲಗಂಜಿಯದೂ ಇದೇ ಕಥೆ. ಆರೇಳು ಗಂಟೆ ಏನೂ ಕಾಣದೆ ಇದ್ದು ಆಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ ಶುರುವಾಗಬಹುದು. ಖಾಲಿ ಸೈಟಿನ ಗಿಡವನ್ನು ಕಾಯಿ ಒಡೆಯುವ ಮೊದಲೇ ಕಡಿಸಿ. ಕಾಯಿ ಒಣಗಿದರೆ ಬೀಜ ಸಿಡಿದು ನಿಮ್ಮ ಕಾಂಪೌಂಡ್ ಒಳಗೇ ಬೀಳುತ್ತದೆ.

ಆದರೆ ಔಡಲದ ಗಿಡಕ್ಕಿಂತ ಔಡಲ ಹಿಂಡಿ ದೊಡ್ಡ ಗಂಡಾಂತರ. ಎಣ್ಣೆ ತೆಗೆಯುವಾಗ ರಿಸಿನ್ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಸರಿಯಾಗಿ ಕಾಯಿಸಿ ವಿಷ ತೆಗೆಯದಿದ್ದರೆ ಅದು ಹಾಗೇ ಇರುತ್ತದೆ. ಈ ಹಿಂಡಿಯನ್ನೇ ಸಾವಯವ ಗೊಬ್ಬರ ಅಂತ ಕುಂಡಕ್ಕೆ, ಗುಲಾಬಿಗೆ ಹಾಕುತ್ತಾರೆ. ಜೊತೆಗೆ ಮೂಳೆ ಪುಡಿ ಬೆರೆಸಿದ್ದರೆ ನಾಯಿಗೆ ಅದು ಊಟದ ವಾಸನೆ. ಬೀಜವನ್ನಾದರೂ ಅಗಿಯಬೇಕು, ಇಲ್ಲಿ ಪುಡಿ ಮಾಡಿ ಇಟ್ಟಂತೆಯೇ ಆಯಿತು. "ಸಾವಯವ, ಏನೂ ಆಗಲ್ಲ" ಅನ್ನುವ ಧೈರ್ಯ ಬೇರೆ!

ನಮ್ಮ ಊರಿನ ಬೇಸಿಗೆ ಇದನ್ನು ಇನ್ನೂ ಹದಗೆಡಿಸುತ್ತದೆ. ಮಾರ್ಚ್ ಬಂತೆಂದರೆ ಅಂಗಳದ ಶಹಾಬಾದ್ ಕಲ್ಲು ಕಾದಿರುತ್ತದೆ. ನಾಯಿ ತಂಪು ಹುಡುಕುತ್ತದೆ. ತಂಪು ಎಲ್ಲಿದೆ? ನೀವು ಬೆಳಿಗ್ಗೆ ನೀರು ಹಾಕಿದ ಗಿಡದ ಬುಡದಲ್ಲಿ. ಅಲ್ಲೇ ಕೆರೆದು ಗುಂಡಿ ಮಾಡಿ ಮಲಗುತ್ತದೆ. ಹಿಂಡಿ, ಮೂಳೆ ಪುಡಿ, ಗುಲಾಬಿಗೆ ಹಾಕಿದ ಕೀಟನಾಶಕದ ಗುಳಿಗೆ ಎಲ್ಲ ಇರುವುದು ಅದೇ ಜಾಗದಲ್ಲಿ. ಹಾಗಾಗಿ ನೆರಳಲ್ಲಿ ಒಂದು ಮೂಲೆಯಲ್ಲಿ ಮರಳು ಸುರಿದು, ದಿನಾ ನೀರು ಚಿಮುಕಿಸಿ, ಅದನ್ನೇ ಮರಿಗೆ ಬಿಟ್ಟುಕೊಡಿ. ಕೆರೆಯಬೇಡ ಅಂತ ಬೈದು ಪ್ರಯೋಜನವಿಲ್ಲ. ಗೊಬ್ಬರಕ್ಕೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಬೇವಿನ ಹಿಂಡಿ ಕಹಿ, ನಾಯಿಗಳು ಅದರ ಗೊಡವೆಗೆ ಹೋಗುವುದು ಕಡಿಮೆ. ಅಡುಗೆಮನೆ ಕಸ ಕೊಳೆಸುವ ಗುಂಡಿಗೆ ಮುಚ್ಚಳ ಇರಲಿ. ಬೂಸ್ಟು ಹಿಡಿದ ರೊಟ್ಟಿ, ಅನ್ನ ತಿಂದು ಮೈ ನಡುಗುವ ನಾಯಿಗಳನ್ನೂ ನೋಡುತ್ತೇವೆ.

ಕೀಟನಾಶಕದ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಇದು ತೊಗರಿಯ ನಾಡು. ಹೊಲಕ್ಕೆ ತಂದ ಔಷಧ ಅರ್ಧ ಬಾಟಲಿ ಮನೆಗೆ ಬಂದು ದಾಸವಾಳದ ಬಿಳಿ ಹುಳಕ್ಕೆ ಬೀಳುತ್ತದೆ. ಹೊಲಗಳಲ್ಲಿ ಬಳಸುವ ಕೆಲವು ಬಗೆಯ ಔಷಧ ನಾಯಿಯ ಹೊಟ್ಟೆ ಸೇರಿದರೆ ಜೊಲ್ಲು, ಕಣ್ಣೀರು, ಭೇದಿ, ನಡುಕ ಬರುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಮದಗುಣಿಕೆ ತಿಂದರೆ ತದ್ವಿರುದ್ಧ: ಬಾಯಿ ಒಣಗುತ್ತದೆ, ಪಾಪೆ ದೊಡ್ಡದಾಗುತ್ತದೆ, ನಾಯಿ ಹುಚ್ಚುಹಿಡಿದಂತೆ ಆಡುತ್ತದೆ. ತಮಾಷೆ ಏನೆಂದರೆ ಮದಗುಣಿಕೆಯಲ್ಲಿರುವ ಅಟ್ರೋಪಿನ್ ಅನ್ನೇ ನಾವು ಆ ಕೀಟನಾಶಕದ ವಿಷಕ್ಕೆ ಇಂಜೆಕ್ಷನ್ ಆಗಿ ಕೊಡುತ್ತೇವೆ. ಹಾಗಂತ ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಫೋನಿನಲ್ಲಿ ನೀವು ಪಾಪೆ ಹೇಗಿದೆ ಅಂತ ಹೇಳಿದರೆ ಮಾತ್ರ ವೈದ್ಯರಿಗೆ ದೊಡ್ಡ ಸಹಾಯ.

ಉಳಿದ ಗಿಡಗಳನ್ನು ಬೇಗ ಮುಗಿಸುತ್ತೇನೆ. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ ಭೇದಿ ತರಿಸುತ್ತದೆ. ಕ್ರೋಟನ್, ಸೇವಂತಿ, ಸ್ನೇಕ್ ಪ್ಲಾಂಟ್ ತಿಂದರೆ ಒಂದೆರಡು ವಾಂತಿ. ಸದಾಪುಷ್ಪ, ಕಲಾಂಚೊ ಸ್ವಲ್ಪ ಗಂಭೀರ, ಮರಿಗೆ ಎಟುಕದಂತೆ ಇಡಿ. ತುಳಸಿ, ದಾಸವಾಳ, ಗುಲಾಬಿ, ಮಲ್ಲಿಗೆ, ಕರಿಬೇವಿಗೆ ಹೆದರಬೇಡಿ. ಗುಲಾಬಿಯಲ್ಲಿ ಮುಳ್ಳಿದೆ, ಅಷ್ಟೇ. ಗರಿಕೆ ತಿನ್ನುವುದು ನಾಯಿಯ ಸಹಜ ಅಭ್ಯಾಸ. ಔಷಧ ಹೊಡೆಯದ ಗರಿಕೆ ಒಂದು ಕಡೆ ಬೆಳೆಯಲಿ, ಬೇರೆ ಗಿಡಕ್ಕೆ ಬಾಯಿ ಹಾಕುವುದು ಕಡಿಮೆಯಾದೀತು. ಹಿತ್ತಲಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದರೆ ಎಚ್ಚರ. ದೇಹದ ತೂಕದ ಶೇ 0.5ಕ್ಕಿಂತ ಜಾಸ್ತಿ ಈರುಳ್ಳಿ ಒಮ್ಮೆಗೇ ತಿಂದರೆ ಕೆಂಪು ರಕ್ತಕಣ ಒಡೆಯಲು ಶುರುವಾಗಬಹುದು. ನಿಮ್ಮ 15 ಕೆ.ಜಿ. ಮರಿಗೆ ಅದು 75 ಗ್ರಾಂ, ಒಂದು ಮಧ್ಯಮ ಗಡ್ಡೆ. ಬೇಯಿಸಿದರೂ ಈರುಳ್ಳಿಯ ಆ ವಿಷ ಹೋಗುವುದಿಲ್ಲ.

ನಿಮ್ಮ ಮಾವನವರ ಮಾತಿಗೆ ಬರೋಣ. ಬೀದಿನಾಯಿಗೆ ವಿಷದ ಗಿಡ ಗುರುತಿಸುವ ವಿಶೇಷ ಬುದ್ಧಿ ಏನೂ ಇಲ್ಲ. ಅದು ಊಟ ಹುಡುಕುತ್ತಾ ಇಡೀ ದಿನ ತಿರುಗುತ್ತದೆ, ಬೇಜಾರಿಗೆ ಕೊಂಬೆ ಅಗಿಯುತ್ತಾ ಕೂರುವ ಪುರುಸೊತ್ತು ಅದಕ್ಕಿಲ್ಲ. ಕಾಂಪೌಂಡ್ ಒಳಗೆ ಒಂಟಿಯಾಗಿ ಬಿಟ್ಟ ಮರಿಗೆ ಅಗಿಯುವುದೇ ಕೆಲಸ. ಮತ್ತೆ, ಸತ್ತ ಬೀದಿನಾಯಿ ಯಾವುದರಿಂದ ಸತ್ತಿತು ಅಂತ ಯಾರು ನೋಡಿದ್ದಾರೆ? ದಿನಕ್ಕೆ ಎರಡು ಸಲ ಸುಸ್ತಾಗುವಷ್ಟು ಆಡಿಸಿ, ಅಗಿಯಲು ಗಟ್ಟಿ ರಬ್ಬರ್ ಆಟಿಕೆ ಕೊಡಿ. ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ.

ತಿಂದದ್ದು ಕಂಡರೆ ಏನು ಮಾಡಬೇಕು? ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ನೀರಿನಿಂದ ತೊಳೆಯಿರಿ, ವೈದ್ಯರಿಗೆ ಫೋನ್ ಮಾಡಿ. ಯಾವ ಗಿಡ, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಈ ನಾಲ್ಕು ಹೇಳಿ. ಅಗಿದ ಕೊಂಬೆಯನ್ನು ಒಂದು ಕವರಿನಲ್ಲಿ ಹಾಕಿಕೊಂಡೇ ಬನ್ನಿ. "ಯಾವುದೋ ಹಸಿರು ಗಿಡ" ಅಂದರೆ ನಾವೇನು ಮಾಡಲಿ. ವಾಂತಿ ಮಾಡಿಸಿ ಪ್ರಯೋಜನ ಇರುವುದು ಸಾಮಾನ್ಯವಾಗಿ ಮೊದಲ ಎರಡು ಗಂಟೆಯೊಳಗೆ, ಅದೂ ನಾಯಿಗೆ ಪೂರ್ತಿ ಎಚ್ಚರ ಇದ್ದಾಗ. ಅದನ್ನು ವೈದ್ಯರೇ ಮಾಡಲಿ. ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಅದೇ ಕೊಂದೀತು. ಎಣ್ಣೆ, ತುಪ್ಪ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಒಲೆಯ ಇದ್ದಿಲು ಅರೆದು ಕೊಡುವವರೂ ಇದ್ದಾರೆ. ನಾವು ಕೊಡುವ ಇದ್ದಿಲು ಪುಡಿ ಬೇರೆಯೇ ಬಗೆಯದು.

ಆಸ್ಪತ್ರೆ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ, ರಾತ್ರಿ ಹತ್ತು ಗಂಟೆಗೆ ಯಾರು ಫೋನ್ ಎತ್ತುತ್ತಾರೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಅದೊಂದನ್ನೇ ನಂಬಿ ಕೂರಬೇಡಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಕಲಬುರಗಿಯಿಂದ ನೂರು ಕಿಲೋಮೀಟರ್‌ಗಿಂತ ದೂರ. ಮೊದಲ ಚಿಕಿತ್ಸೆ ಊರಲ್ಲೇ ಆಗಲಿ. ಮುಂದೆ ಹೋಗಬೇಕಾ ಅನ್ನುವುದನ್ನು ಆಮೇಲೆ ವೈದ್ಯರು ಹೇಳುತ್ತಾರೆ.

ಮರಿ ವಾಂತಿ ಮಾಡಿದ ಕೂಡಲೇ ಗಿಡವನ್ನೇ ಬೈಯಬೇಡಿ. ನಾಲ್ಕು ತಿಂಗಳ ಮರಿಗೆ ವಾಂತಿ, ರಕ್ತಭೇದಿ ಎಂದರೆ ನನ್ನ ಮೊದಲ ಅನುಮಾನ ಪಾರ್ವೊ ಎಂಬ ವೈರಸ್ ಕಾಯಿಲೆಯ ಮೇಲೆ. ಲಸಿಕೆ ಎಲ್ಲ ಡೋಸ್ ಆಗಿದೆಯಾ ನೋಡಿ. ಏಪ್ರಿಲ್, ಮೇ ಮಧ್ಯಾಹ್ನ ಏದುಸಿರು, ಜೊಲ್ಲು, ತೂರಾಟ ಎಂದರೆ ಬಿಸಿಲಿನ ಹೊಡೆತ ಇರಬಹುದು. ಮೈಗೆ ನೀರು ಹಾಕಿ, ಫ್ಯಾನ್ ಹಚ್ಚಿ, ಆಮೇಲೆ ಹೊರಡಿ. ಗಿಡದ ಅಡಿಯಲ್ಲಿ ಮಲಗಿತ್ತು ಅಂತ ಗಿಡದ ಹಿಂದೆ ಬಿದ್ದು ಹೊತ್ತು ಕಳೆದವರಿದ್ದಾರೆ.

ಕೊನೆಯದಾಗಿ ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ ಅನ್ನುವುದು ಹಳೆಯ ಸಂಗತಿ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬೇಕು ಅನ್ನುವುದು ಇತ್ತೀಚಿನ ವರ್ಷಗಳಲ್ಲಿ ಬಂದ ವಿವರಣೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಯಥೇಚ್ಛ ಇದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳೂ ವರದಿಯಾಗಿವೆ. ನಮ್ಮಲ್ಲಿ ವಿಷ ತಿಂದ ನಾಯಿಗೆ ಹುಣಸೆ ನೀರು ಕುಡಿಸುವ ರೂಢಿ ಇದೆ. ಅದನ್ನು ಬಿಡಿ. ಬೇಸಿಗೆಯ ಶುರುವಿನಲ್ಲಿ ವರ್ಷದ ಹುಣಸೆ ತಂದು ಅಂಗಳದಲ್ಲಿ ಹರಡಿ ಬೀಜ ಬಿಡಿಸುವಾಗ ಮರಿಯನ್ನು ಒಳಗೆ ಕಟ್ಟಿ. ನೋಡನೋಡುತ್ತಾ ಒಂದು ಉಂಡೆ ನುಂಗಿತು ಎಂದರೆ ವಾಂತಿ ಬರಲಿ ಅಂತ ಕಾಯಬೇಡಿ. ಆಗಲೇ ವೈದ್ಯರ ಹತ್ತಿರ ಒಯ್ಯಿರಿ, ಮುಂದಿನ ಎರಡು ಮೂರು ದಿನ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಗಮನಿಸಿ.